ಸೀಟಿ ನಿಲ್ಲಿಸಿದ ಕೈ

ನನ್ನ ಅಣ್ಣ ಸಂಗಪ್ಪನ ಕಿವಿ ಕಳೆದವನು ನಾನು. ಇದನ್ನು ಹೇಳುವ ಕ್ರಮದಲ್ಲಿ ಲೋಪದೋಷಗಳು ಕಂಡುಬಂದರೆ ಓದುಗರು ಮನ್ನಿಸಬೇಕು. ನಮ್ಮ ಮನೆತನದಲ್ಲಿ ಕಾಲೇಜು ಕಂಡವನು ನಾನೊಬ್ಬನೇ, ಬರವಣಿಗೆಯ ರೂಢಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಆದರೆ ನಡೆದದ್ದನ್ನು ಮಾತ್ರ ಇನ್ನು ಮುಚ್ಚಿಡಲಾರೆ.

ಹುನಗುಂದದಲ್ಲಿ, ಇಳಕಲ್ಲಿಗೆ ಹೋಗುವ ರಸ್ತೆಯ ಬದಿಗೆ ಅಣ್ಣನ ಗ್ಯಾರೇಜು ಇತ್ತು. ಅಲ್ಲಿ ಒಂದು ನೇಮವಿತ್ತು. ನಟ್ಟು ತಿರುಗಿಸಲು ಪಾನಾ ಹಾಕಿದವನು "ತಿರುವೀನಿ" ಎಂದು ಗಟ್ಟಿಯಾಗಿ ಹೇಳಬೇಕು. ಜೊತೆಗಿದ್ದವನು "ಕೇಳೀನಿ" ಎನ್ನಬೇಕು. ಒಬ್ಬನು ಮಾಡಿದ್ದು ಇನ್ನೊಬ್ಬನಿಗೆ ತಿಳಿಯದೆ ಗಾಡಿ ರಸ್ತೆಗೆ ಇಳಿಯಬಾರದು. ಒಬ್ಬನೇ ಇದ್ದಾಗ ಮಾತ್ರ ಅಣ್ಣ ಸುಮ್ಮನೆ ತಿರುವುತ್ತಿದ್ದ.

ಅದು ಎಪ್ಪತ್ತರ ದಶಕದ ಕೊನೆ. ನಾನು ಬಾಗಲಕೋಟೆಯಲ್ಲಿ ಬಿ.ಎಸ್‌ಸಿ. ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕಿ ಊರಲ್ಲಿ ಕಾಯುತ್ತಿದ್ದೆ. ಒಂದು ಮುಂಜಾನೆ ಪುಣೆ ಕಡೆಯ ವಯಸ್ಸಾದ ದಂಪತಿಗಳ ಬಸ್ಸು ಬಂದು ನಿಂತಿತು. ಹಳೆಯ ಬಸ್ಸನ್ನೇ ಅವರು ಮನೆ ಮಾಡಿಕೊಂಡಿದ್ದರು—ಒಳಗೆ ಮಂಚ, ಸ್ಟೋವು, ಸಣ್ಣದೊಂದು ಬಚ್ಚಲು. ನಲ್ಲಿಗೆ ನೀರು ಒತ್ತಲು ಇಂಜಿನ್ನಿನದಲ್ಲದೆ ಬೇರೊಂದು ಪುಟ್ಟ ಕಂಪ್ರೆಸರ್, ಅದಕ್ಕೊಂದು ಗಾಳಿಯ ಟ್ಯಾಂಕು. ಮೋಟಾರು ತಿರುಗುತ್ತಿತ್ತು, ಗಾಳಿ ತುಂಬುತ್ತಿರಲಿಲ್ಲ.

ಅಣ್ಣ ಸಾಬೂನಿನ ನೀರು ಹಚ್ಚಿ ಸೋರಿಕೆ ಹುಡುಕಿದ. ಕಂಪ್ರೆಸರಿನ ತಲೆ ಬಿಚ್ಚಿ, ಮುರಿದ ವಾಲ್ವ್ ಪಟ್ಟಿ ಬದಲಿಸಿದ. ಪಾನಾ ಕೊಡಲು ಹೋದ ನನಗೆ, "ದೂರ ನಿಂದ್ರಲೇ, ಡಿಗ್ರಿ ತಗೊಂಡ ಕೈಗೆ ಗ್ರೀಸ್ ಹತ್ತಿದ್ರ ಯಾರೂ ಕನ್ಯಾ ಕೊಡೂದಿಲ್ಲ" ಎಂದು ನಕ್ಕ.

ಗಾಳಿ ತುಂಬಿತು. ಆದರೆ ಹೆಚ್ಚಾದ ಗಾಳಿಯನ್ನು ಹೊರಬಿಡುವ ಸೇಫ್ಟಿ ವಾಲ್ವ್ ಸೀಟಿ ಹೊಡೆಯತೊಡಗಿತು.

"ತುಂಬಿದ ಮ್ಯಾಲೆ ಮೋಟಾರ್ ತಾನ ಬಂದ್ ಆಗಬೇಕು. ಸ್ವಿಚ್ ಕೆಟ್ಟೈತಿ, ಮೀಟರಿನ ಮುಳ್ಳೂ ಸತ್ತೈತಿ. ಉಂಡು ಬಂದು ಬಿಚ್ಚತೇನಿ" ಎಂದು ಮೋಟಾರು ನಿಲ್ಲಿಸಿ ಅಣ್ಣ ಮನೆಗೆ ಹೋದ.

ಸಂಜೆಯೊಳಗೆ ಬಾದಾಮಿ ಸೇರಬೇಕು, ಇನ್ನೆಷ್ಟು ಹೊತ್ತು ಎಂದು ಬಸ್ಸಿನ ಆ ತಾಯಿ ಹಿಂದಿಯಲ್ಲಿ ನನ್ನನ್ನು ಕೇಳಿದರು. ಸ್ಪ್ರಿಂಗ್ ಸಡಿಲವಾಗಿದೆ, ಅಷ್ಟೇ—ಎಂದೆ, ಕಲಿತವನಂತೆ. ಸೇಫ್ಟಿ ವಾಲ್ವನ್ನು ಬಿಗಿ ಮಾಡಿ ಮೋಟಾರು ಹಾಕಿದೆ. ಸೀಟಿ ಬರಲಿಲ್ಲ. ಆಕೆ ಮೆಚ್ಚುಗೆಯಿಂದ ನೋಡಿದರು. ಆ ನೋಟ ನನಗೆ—ಎಷ್ಟು ಹಿತವಾಗಿತ್ತೆಂದರೆ—

ಅಣ್ಣ ಬಂದ. "ಸೀಟಿ ಯಾಕ ನಿಂತ್ತಲೇ?"

"ತಾನ ನಿಂತ್ತಣ್ಣಾ."

ಅವರೆದುರು ಬೈಸಿಕೊಳ್ಳಬಾರದೆಂದು ಹಾಗೆ ಹೇಳಿದೆ. ಬೇರೆ ಕಾರಣವಿರಲಿಲ್ಲ.

"ಹಂಗಾರ ಎಲ್ಲೋ ಸೋರಾಕತ್ತೈತಿ" ಎಂದು ಅಣ್ಣ ಬಗ್ಗಿ ಟ್ಯಾಂಕಿಗೆ ಕಿವಿ ಹಚ್ಚಿದ. ಆಗಲಾದರೂ ಕೂಗಬಹುದಿತ್ತು. ಮಾತು ನಾಲಿಗೆಯವರೆಗೆ ಬಂದಿತ್ತು—ಅಷ್ಟರಲ್ಲಿ, ಒಳಗೆ ನೀರು ನಿಂತು ತುಕ್ಕು ತಿಂದಿದ್ದ ಆ ಟ್ಯಾಂಕು ಆಚೆಯ ಬೆಸುಗೆಯಲ್ಲಿ ಸಿಡಿಯಿತು.

ಜೀವ ಉಳಿಯಿತು. ಎರಡೂ ಕಿವಿ ಹೋದವು. ಸಿಡಿದ ಟ್ಯಾಂಕಿನ ಬಿಗಿಯಾದ ವಾಲ್ವನ್ನು ಯಾರೋ ತಂದು ಅಣ್ಣನಿಗೆ ತೋರಿಸಿದ್ದರು. ದವಾಖಾನೆಯಲ್ಲಿ ನೋಡಲು ಬಂದ ಬಸ್ಸಿನ ಯಜಮಾನರಿಗೆ ಅಣ್ಣ ಕೈಮುಗಿದು, ತನ್ನ ದನಿ ತನಗೇ ಕೇಳದೆ, ಗಟ್ಟಿಯಾಗಿ ಹೇಳಿದ: "ನಂದ ತಪ್ಪ್ರೀ. ವಾಲ್ವ್ ಬಿಗಿ ಆಗಿತ್ತು. ತಮ್ಮ ತಿರುವಿದ್ರ ಹೇಳತಿದ್ದ. ಅಂವ ಹೇಳಿಲ್ಲ ಅಂದಮ್ಯಾಗ ನಾನ ತಿರುವೀನಿ. ನನ್ನ ಕೈ ಮಾಡಿದ್ದು ನನಗ ನೆಪ್ಪಿಲ್ಲರೀ."

ಕನ್ನಡ ಬಾರದ ಆ ಯಜಮಾನರಿಗೆ ಅದು ತಿಳಿಯಲಿಲ್ಲ; ತಿಳಿದ ನಾನು ಮಂಚದ ಕಾಲ್ದೆಸೆಯಲ್ಲಿ ನಿಂತಿದ್ದೆ. ನೇಮವನ್ನು ಅಣ್ಣ ಅಷ್ಟು ನಂಬಿದ್ದ—ನನ್ನನ್ನು ಅಷ್ಟು ನಂಬಿದ್ದ.

ಕಿವಿಯಿಲ್ಲದೆಯೂ ಅವನು ಕೆಲಸ ಮಾಡಬಹುದಿತ್ತು; ಗಿರಾಕಿಗಳು ಬಂದು ಕರೆದರು. "ನನಗ ತಿಳೀದಂಗ ಕೈ ತಿರುವತೈತಿ. ನಾಳೆ ಯಾರದರೆ ಜೀವಾ ತಗೋತೈತಿ" ಎಂದು ಅವನು ಮತ್ತೆ ಪಾನಾ ಹಿಡಿಯಲೇ ಇಲ್ಲ. ಒಂದು ಮಾತು ಹೇಳಿದ್ದರೆ ಅವನ ಕೈ ಅವನಿಗೆ ಮರಳುತ್ತಿತ್ತು. ಆದರೆ ಓದು ಬಾರದ ಆ ಕಿವುಡನಿಗೆ ಹೇಳಬೇಕೆಂದರೆ ಕೈಸನ್ನೆ ಮಾಡಬೇಕಿತ್ತು, ಕೂಗಬೇಕಿತ್ತು, ಓಣಿಯೆಲ್ಲ ನೋಡುತ್ತಿತ್ತು. ಆ ನಾಚಿಕೆಗೆ ಅಂಜಿ—ವರ್ಷಗಳು ಹೋದವು. ಹೋದ ವರ್ಷ ಅಣ್ಣನೂ ಹೋದ.

ತಿಂಗಳ ನಂತರ ಅವನ ಹೆಂಡತಿ ಗಂಗವ್ವ ವೈನಿಯ ಎದುರು ಕುಳಿತು ಎಲ್ಲ ಹೇಳಿದೆ.

"ಕಿವಿ ಹೋದದ್ದಕ್ಕ ಅವರು ಅಳಲಿಲ್ಲಪಾ. ರಾತ್ರಿ ಎದ್ದು ಕುಂತು ತಮ್ಮ ಕೈ ನೋಡಕೊಂತ ಅಳತಿದ್ರು."

ಇಷ್ಟನ್ನು ಹೇಳಿ ವೈನಿ ಒಳಗೆ ಹೋದರು. ನಾನು ಕ್ಷಮೆ ಕೇಳಲಿಲ್ಲ. ಕೇಳುವ ಅಧಿಕಾರ ನನಗಿಲ್ಲ.

ಆ ಅಪಘಾತದ ನಂತರ ಗ್ಯಾರೇಜಿನ ಜಾಗ ಬೇರೆಯವರ ಪಾಲಾಗಿತ್ತು. ಅಣ್ಣ, ವೈನಿ ಇಳಕಲ್ಲಿಗೆ ಹೋದರು; ವೈನಿ ಸೀರೆಯ ಮಗ್ಗದಲ್ಲಿ ಕೂಲಿಗೆ ಕುಳಿತರು. ಅಣ್ಣ ಪಕ್ಕದಲ್ಲಿ ನೂಲು ಸುತ್ತಿಕೊಡುತ್ತಿದ್ದ. ನಾನು ಬಾಗಲಕೋಟೆಯ ವಿದ್ಯಾಗಿರಿಯಲ್ಲಿ ಮನೆ ಮಾಡಿ ಉಪಾಧ್ಯಾಯನಾದೆ. ನಾನು ನಿಜ ಹೇಳಿದ ದಿನದಿಂದ ವೈನಿ ನಮ್ಮ ಮನೆಗೆ ಬಂದಿಲ್ಲ. ಅಣ್ಣ ತೀರಿ ವರ್ಷವಾದಾಗ ಮಾಡಿದ ವರ್ಷಾಂತಕ್ಕೆ ನನ್ನನ್ನು ಕರೆಯಲಿಲ್ಲ.