ಚಿಟ್ಟೆಯೋ ಜಿಗಿಹುಳವೋ

ದಿನಾ ಬೆಳಿಗ್ಗೆ ಸಸಿಮನೆಯ ಬಾಗಿಲು ತೆರೆದೊಡನೆ, ಎಲ್ಲರೂ ಗಿಡದತ್ತೆ ಎಂದು ಕರೆಯುವ ಹಳೆಯ ಕೆಲಸದವಳು ಮೊದಲ ಸಾಲಿನ ಮೊದಲ ಕುಂಡದ ಮೇಲೆ ಬಾಗಿ, ಬಿಸಿ ಹಾಲು ಆರಿಸುವವಳಂತೆ ಮೆಲ್ಲಗೆ ಊದುತ್ತಿದ್ದಳು. ಜ್ವರ ಬಂದ ದಿನವೂ ಅದನ್ನು ತಪ್ಪಿಸಿದವಳಲ್ಲ. ಎದ್ದು ಹಾರಿದ್ದು ಏನೆಂದು ಅವಳು ಹೇಳಿದ ಮೇಲೆಯೇ ಅಲ್ಲಿ ಔಷಧದ ಡಬ್ಬಿ ತೆರೆಯುವುದೋ ಬಿಡುವುದೋ.

ಉಗುರಿನಷ್ಟಿರುವ ಬಿಳಿ ಚಿಟ್ಟೆ ಕೂತಾಗ ಕೈಮುಗಿದಂತೆ ರೆಕ್ಕೆಗಳನ್ನು ಮೇಲಕ್ಕೆ ಜೋಡಿಸುತ್ತದೆ. ರಸ ಹೀರುವ ಜಿಗಿಹುಳವೂ ಅಷ್ಟೇ ಬಿಳುಪು. ಆದರೆ ಅದರ ರೆಕ್ಕೆ ಮನೆಯ ಮಾಡಿನಂತೆ ಇಳಿಜಾರು, ಬೆರಳು ಹತ್ತಿರ ಬಂದರೆ ಕೆಲಸಗಳ್ಳನಂತೆ ಕಾಂಡದ ಮರೆಗೆ ಸರಿಯುತ್ತದೆ. "ಬೆಳ್ಳಗಿರೋದೆಲ್ಲ ಹಾಲಲ್ಲ" ಎಂದು ಹೊಸಬರಿಗೆಲ್ಲ ಹೇಳಿಕೊಟ್ಟವಳು ಅವಳೇ.

ಈ ಸಲ ಗುಲಾಬಿಗಳ ಮೇಲೆ ಊದಿದಾಗ ಕಂಡದ್ದು ಬರೀ ಬಿಳಿ ಮಬ್ಬು. ಕಣ್ಣಿಗೆ ಪೊರೆ ಬರುತ್ತಿರುವುದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮನೆಯಲ್ಲಿ ಹಾಸಿಗೆ ಹಿಡಿದ ಮಗಳು. ಕೆಲಸ ಹೋದರೆ ಇಬ್ಬರ ಹೊಟ್ಟೆಗೂ ತಣ್ಣೀರು ಬಟ್ಟೆ. "ಚಿಟ್ಟೆ, ಪಾಪ, ಬಿಡಿ" ಎಂದುಬಿಟ್ಟಳು. ಚಿಟ್ಟೆಯೇ ಆಗಿರಲಪ್ಪಾ ಎಂದು ಒಳಗೊಳಗೇ ದೇವರಿಗೆ ಮೊರೆಯಿಟ್ಟಳು. ಹುಳ ಹುಳವಾಗಿಯೇ ಇತ್ತು.

ಎರಡು ವಾರ ಕಳೆದು ಈಗ ಗುಲಾಬಿಯ ಎಲೆಗಳೆಲ್ಲ ಅಂಟಂಟು, ಮೇಲೆ ಮಸಿಯಂಥ ಬೂಷ್ಟು.

"ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತಿದ್ದೆಯಲ್ಲತ್ತೆ, ಎಣ್ಣೆ ಜಾಸ್ತಿ ಆಯ್ತಾ?" ಎಂದಳು ನೀರು ಹಾಯಿಸುವ ಮಾತಿನಮಲ್ಲಿ. ಅತ್ತೆ ದನಿ ಬಂದ ಕಡೆಗೆ ತಿರುಗಿದಳು, ಮಲ್ಲಿಯ ಮುಖದ ಕಡೆಗಲ್ಲ. ಮಲ್ಲಿಯ ನಗು ಅಲ್ಲೇ ನಿಂತಿತು. ಕೈ ಎತ್ತಿ ಹಿಡಿದಳು.

"ಎಷ್ಟು ಬೆರಳು?"

"ಕೈ ಕಾಣತ್ತೆ."

ಮಲ್ಲಿ ಅತ್ತೆಯ ಕೈ ಹಿಡಿದುಕೊಂಡಳು. "ತೋಟದ ಯಜಮಾನ್ರು ಬರ್ತಿದ್ದಾರೆ, ನೀನು ಸುಮ್ನಿರು. ಔಷಧ ಹೊಡಿ ಅಂತ ನೀನು ಹೇಳಿದ್ದೆ, ಹರಟೆಯಲ್ಲಿ ನಾನೇ ಮರೆತೆ ಅಂತೀನಿ. ಎಲ್ಲರೂ ನಂಬ್ತಾರೆ. ನಾಳೆಯಿಂದ ನೀನು ಊದು, ನಾನು ನೋಡ್ತೀನಿ."

"ಉಳಿದ ಸಸಿಮನೆಗಳಲ್ಲೂ ಚಿಟ್ಟೆ ಅಂತಾನೇ ಹೇಳಿದೀನಿ ಕಣೆ. ಮಾರಾಟಕ್ಕೆ ಕಳಿಸಿದ ಗಿಡಗಳಲ್ಲೂ ಏನಿದೆಯೋ. ನನಗೆ ಕಾಣಲ್ಲ ಅಂತ ಗೊತ್ತಾದ್ರೆ ತಾನೆ ಅವರು ಇನ್ನೊಂದು ಸಲ ನೋಡ್ಸೋದು?"

"ಕೆಲಸ ಹೋದ್ರೆ ಮಗಳಿಗೆ ಊಟಕ್ಕೆ ಏನ್ ಹಾಕ್ತೀಯ?"

"ಗೊತ್ತಿಲ್ಲ. ನಿನ್ನ ಸುಳ್ಳು ಬೇಡಮ್ಮ ನನಗೆ."

ಹಿಡಿದಿದ್ದ ಕೈಯನ್ನು ಬಿಡಿಸಿಕೊಂಡು, ಕುಂಡಗಳ ಅಂಚು ತಡವುತ್ತ, ಅವಳು ಯಜಮಾನರು ಬರುತ್ತಿದ್ದ ಬಾಗಿಲ ಬೆಳಕಿನತ್ತ ನಡೆದಳು.