ಕಿವಿಯಿಂದ ಓದಿದವಳು

ಕತೆ ಬರೆಯಲು ಈಗಷ್ಟೇ ಶುರು ಮಾಡಿದ ಮೂರು ನಾಲ್ಕು ಮಂದಿ ಭಾನುವಾರ ಆಂಧ್ರದ ಗಡಿಯೊಳಗಿನ ರಾಯದುರ್ಗದ ನಮ್ಮ ಮನೆಗೆ ಬರುತ್ತಾರೆ. ಒಬ್ಬಾಕೆ ಅಂಗನವಾಡಿ ಟೀಚರು, ಇನ್ನೊಬ್ಬರು ಡಿ. ಹಿರೇಹಾಳಿನ ಎಲೆಕ್ಟ್ರಿಷಿಯನ್. ನಾನು ಹತ್ತನೇ ತರಗತಿಗೆ ಓದು ನಿಲ್ಲಿಸಿ ಜೀನ್ಸ್ ಪ್ಯಾಂಟ್ ಹೊಲಿಯುವ ಕೆಲಸ ಹಿಡಿದವನು. ಪತ್ರಿಕೆಗಳಲ್ಲಿ ಏಳೆಂಟು ಕತೆ ಬಂದಿವೆ, ಅಷ್ಟೇ. ಅವರಿಗೆ ನಾನು ಮೊದಲು ಹೇಳುವುದು ಇಷ್ಟು: ಬರೆದದ್ದನ್ನು ಯಾರಿಗಾದರೂ ಗಟ್ಟಿಯಾಗಿ ಓದಿ ಹೇಳಿರಿ, ಹಾಳೆಯನ್ನು ಅವರ ಕೈಗೆ ಕೊಡಬೇಡಿರಿ.

ಇದು ನಾನು ಕಂಡುಹಿಡಿದದ್ದಲ್ಲ. ನನ್ನ ಹೆಂಡತಿ ಮಡಕಶಿರಾದವಳು, ನನ್ನ ಸೋದರತ್ತೆಯ ಮಗಳು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು. ಬಸ್ಸಿನ ಬೋರ್ಡು ಓದುವಷ್ಟು ಕನ್ನಡ ಅಕ್ಷರ ಬರುತ್ತಿತ್ತು, ಅದರಾಚೆಗೆ ಇಲ್ಲ. ಹಾಗಾಗಿ ನಾನು ಬರೆದದ್ದನ್ನೆಲ್ಲ ಓದಿಯೇ ಹೇಳಬೇಕಿತ್ತು. ಸಂಜೆ ಅವಳು ಹೊಲಿದ ಪ್ಯಾಂಟುಗಳ ದಾರದ ತುದಿ ಕತ್ತರಿಸುತ್ತಾ ಕೂರುತ್ತಿದ್ದಳು, ನಾನು ಓದುತ್ತಿದ್ದೆ.

ಮೊದಲ ಕತೆ ಗಂಡನ ಮೇಲೆ ಮುನಿಸಿಕೊಂಡು ತವರಿಗೆ ಹೊರಟ ಹೆಂಗಸಿನದು. ಒಂದು ಪುಟ ತುಂಬ ಬೆಟ್ಟ, ಬೆಳಕು, ಹಕ್ಕಿ.

“ಬಾವ, ಸೂರ್ಯ ಹುಟ್ಟಿದ್ದಾಯ್ತು, ನೆತ್ತಿ ಮ್ಯಾಲಕ್ಕೂ ಬಂದಾಯ್ತು. ಆ ಹೆಂಗ್ಸು ಯಾಕೆ ಅಳ್ತಾವ್ಳೆ, ಅದು ಹೇಳು.”

“ತಡಿ, ಮುಂದ ಬರ್ತೈತಿ.”

“ಮುಂದೆ ಬರೋಷ್ಟೊತ್ತಿಗೆ ನಂಗೆ ನಿದ್ದೆ ಬಂದಿರ್ತೈತೆ.”

ಆ ಪುಟ ಹರಿದೆ. ಕತೆ ಬಸ್ ನಿಲ್ದಾಣದಲ್ಲಿ, ಆ ಹೆಂಗಸಿನ ಕೈಯಲ್ಲಿದ್ದ ಚೀಲದಿಂದ ಶುರುವಾಯಿತು. ಇನ್ನೊಂದು ಕತೆಯಲ್ಲಿ ಒಂಬತ್ತು ಜನರನ್ನು ತಂದಿದ್ದೆ. “ಗುಮ್ಮಘಟ್ಟದ ಆಟೋ ತುಂಬ್ದಂಗೆ ತುಂಬಿದೀಯಲ್ಲ, ಯಾರು ಯಾರ ತೊಡೆ ಮೇಲೆ ಕೂತವ್ರೋ ಗೊತ್ತಾಗಲ್ಲ,” ಅಂದಳು. ಆರು ಮಂದಿಯನ್ನು ಇಳಿಸಿದೆ. ಒಬ್ಬ ಪಾತ್ರ ‘ಏತಕ್ಕಾಗಿ’ ಎಂದಾಗ ಕತ್ತರಿ ಕೆಳಗಿಟ್ಟಳು. “ನೀವು ‘ಯಾಕ’ ಅಂತೀರ, ನಾವು ‘ಯಾಕೆ’ ಅಂತೀವಿ. ಈ ಏತಕ್ಕಾಗಿ ಅನ್ನೋನು ಯಾವೂರೋನು?”

ಕೇಳುವವರು ಪ್ರಶ್ನೆ ಹಾಕಿದ ಜಾಗಕ್ಕೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಿರಿ. ಬಾಯಲ್ಲಿ ಉತ್ತರ ಕೊಟ್ಟು ಮುಗಿಸಬೇಡಿರಿ, ಉತ್ತರ ಕತೆಯೊಳಗೆ ಹೋಗಬೇಕು. ಅವರು ಆಕಳಿಸಿದ ಜಾಗಕ್ಕೆ ಎರಡು ಗೆರೆ. ನನ್ನ ಹಳೆಯ ನೋಟ್‌ಬುಕ್ಕುಗಳ ತುಂಬ ಜೋಡಿ ಗೆರೆಗಳೇ ಇವೆ.

ಹೋದ ವರ್ಷ ಶ್ರಾವಣದಲ್ಲಿ ಅವಳಿಗೆ ಜ್ವರ ಬಂತು. ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ಹೋಗಿಬಿಟ್ಟಳು.

ಫೋನಿನಲ್ಲಿ ಅವಳ ಫೋಟೋ ಬೇಕಾದಷ್ಟಿವೆ, ದನಿ ಎಲ್ಲೂ ಇಲ್ಲ. ಐದಾರು ತಿಂಗಳ ಮೇಲೆ ಒಂದು ಮಧ್ಯಾಹ್ನ ಮಿಷನ್ ತುಳಿಯುತ್ತಾ, ಅವಳು ನನ್ನನ್ನು ‘ಬಾವ’ ಎಂದು ಕರೆಯುತ್ತಿದ್ದ ದನಿಯನ್ನು ನೆನೆಸಿಕೊಳ್ಳಲು ಹೋದೆ. ಬರಲಿಲ್ಲ. ಹೆದರಿಕೆಯಾಯಿತು. ಈಗ ಬರೆದಿಡದಿದ್ದರೆ ಅವಳು ಪೂರ್ತಿ ಕೈತಪ್ಪುತ್ತಾಳೆ ಅನ್ನಿಸಿ, ಅವಳ ಮೇಲೆಯೇ ಹತ್ತು ಪುಟದ ಕತೆ ಬರೆದೆ. ಓದಿ ಹೇಳಲು ಮನೆಯಲ್ಲಿ ಯಾರೂ ಇರಲಿಲ್ಲ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಮಡಕಶಿರಾಕ್ಕೆ, ಅವಳ ಅಕ್ಕನ ಮನೆಗೆ ಹೋದೆ.

ಅಕ್ಕ ಜಗಲಿಯಲ್ಲಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಕೈ ನಿಲ್ಲಿಸದೆ ಹತ್ತು ಪುಟವನ್ನೂ ಕೇಳಿದರು.

“ಚೆನ್ನಾಗೈತಪ್ಪ. ಯಾರು ಈಯಮ್ಮ?”

“ನಿಮ್ಮ ತಂಗಿನ ರೀ, ಅಕ್ಕ.”

“ನನ್ನ ತಂಗಿನಾ? ಬಾಯಿ ಬಿಟ್ರೆ ಮುತ್ತು ಉದುರಿಸ್ತಾವ್ಳೆ! ಅವ್ಳು ಯಾವತ್ತಪ್ಪ ಇಷ್ಟು ಮೆತ್ತಗೆ ಮಾತಾಡಿದ್ಲು? ಸಿಟ್ಟು ಬಂದ್ರೆ ಕನ್ನಡ ಸಾಲ್ದೆ ತೆಲುಗಿಗೆ ಹೋಗ್ತಿದ್ಲು. ಇದ್ರಾಗೆ ಒಂದೇ ಒಂದು ತೆಲುಗು ಮಾತಿಲ್ವಲ್ಲ.”

ನಿಜ. ಗಡಿಯಾಚೆಯ ಪತ್ರಿಕೆಗೆ ಕಳಿಸುವಾಗ ನಮ್ಮ ಕಡೆಯವರು ತೆಲುಗನ್ನೆಲ್ಲ ಕಲ್ಲು ಆರಿಸಿದ ಹಾಗೆ ಆರಿಸಿ ತೆಗೆಯುತ್ತೇವೆ. ಆಂಧ್ರದವರಿಗೆ ಕನ್ನಡ ಬರುವುದಿಲ್ಲ ಎಂದುಬಿಟ್ಟಾರು ಎಂಬ ಅಳುಕು. ಹಾಗೆ ಆರಿಸುವಾಗ ಅವಳ ಸಿಟ್ಟನ್ನೂ ಆರಿಸಿ ಎಸೆದಿದ್ದೆ.

“ಆ ಟವಲ್ ಜಗಳ ಯಾಕೆ ಬರೀಲಿಲ್ಲ?” ಎಂದರು ಅಕ್ಕ.

ಬಸ್ಸು ನಿಲ್ಲುವ ಮುಂಚೆಯೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು ನಮ್ಮಲ್ಲಿ ರೂಢಿ. ಮದುವೆಯಾದ ಹೊಸದರಲ್ಲಿ, ಕಲ್ಯಾಣದುರ್ಗದಲ್ಲಿ, ಅವಳು ಅಂಥ ಒಂದು ಟವೆಲನ್ನು ಎತ್ತಿ, ನೀಟಾಗಿ ಮಡಚಿ, ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟಳು. ಟವೆಲಿನವನು ಬಂದು ಕೂಗಾಡಿದ. “ಟವಲ್ ನೀದಿ, ತೀಸ್ಕೋ. ಸೀಟು ಬಸ್ಸುದಿ,” ಅಂದಳು. ಟವೆಲ್ ನಿನ್ನದು ತಗೋ, ಸೀಟು ಬಸ್ಸಿನದು. ಇಡೀ ಬಸ್ಸು ನಕ್ಕಿತು.

ಇದು ನನಗೆ ಮರೆತಿರಲಿಲ್ಲ. ಆಗ ನಾನು ಮೆಲ್ಲಗೆ ಹಿಂದಕ್ಕೆ ಸರಿದು, ಅವಳು ಯಾರೋ ಎಂಬಂತೆ ನಿಂತಿದ್ದೆ. ಅವಳು ಅದನ್ನು ನೋಡಿಲ್ಲ ಎಂದೇ ಇಷ್ಟು ವರ್ಷ ತಿಳಿದಿದ್ದೆ.

“‘ಗಂಡ ಅನ್ನಿಸ್ಕೊಂಡೋನು ಕಂಡಕ್ಟರ್ ಹಿಂದೆ ಅವಿತ್ಕೊಂಡಿದ್ದ ಕಣಕ್ಕ’ ಅಂತ ಹೇಳಿ ಹೇಳಿ ನಗ್ತಿದ್ಲು,” ಎಂದರು ಅಕ್ಕ.

“ಸಿಟ್ಟು ಇತ್ತೇನ್ರಿ ಅಕ್ಕ, ನನ್ನ ಮ್ಯಾಲೆ?”

“ಸಿಟ್ಟಿದ್ರೆ ನಿಂಗೇ ಹೇಳ್ತಿರ್ಲಿಲ್ವಾ? ತೆಲುಗಿನಾಗೆ!”

ಇಬ್ಬರೂ ನಕ್ಕೆವು. ತಿಂಗಳುಗಳ ಮೇಲೆ ನಾನು ಹಾಗೆ ನಕ್ಕದ್ದು. ಅವಳ ಜಗಳ ಬರೆದರೆ ನಾನು ಅವಿತದ್ದನ್ನೂ ಬರೆಯಬೇಕಾಗುತ್ತಿತ್ತು. ಅದಕ್ಕೇ ಅವಳನ್ನು ಸಾಧು ಮಾಡಿ ಕೂರಿಸಿದ್ದೆ. ತೀರಿಕೊಂಡವರ ಬಗ್ಗೆ ಬರೆಯುವವರಿಗೆ ಈಗ ಇದನ್ನೂ ಹೇಳುತ್ತೇನೆ: ನಿಮಗೆ ನಾಚಿಕೆಯಾದ ಜಾಗವನ್ನು ಬಿಡಬೇಡಿರಿ. ಅವರು ಚೆನ್ನಾಗಿ ಕಾಣುವುದು ಅಲ್ಲಿಯೇ ಇರಬಹುದು.

ಅಕ್ಕನ ಜಗಲಿಯಲ್ಲೇ, ಆ ಹಾಳೆಗಳ ಹಿಂಬದಿಯಲ್ಲಿ ಮತ್ತೆ ಬರೆಯಲು ಕೂತೆ. ಕಿಟಕಿಯಿಂದ ಟವೆಲ್ ಬೀಳುವಲ್ಲಿಂದ ಶುರು. ಅವಳ ತೆಲುಗನ್ನು ತೆಲುಗಾಗಿಯೇ ಬಿಟ್ಟು, ಅದನ್ನು ಹಿಂದಿನ ಸೀಟಿನ ಮುದುಕಿ ತನ್ನ ಸೊಸೆಗೆ ಕನ್ನಡದಲ್ಲಿ ಹೇಳಿ ನಗುವ ಹಾಗೆ ಮಾಡಿದೆ. ತೆಲುಗು ಬಾರದ ಓದುಗರಿಗೂ ಅಷ್ಟು ಸಾಕು. ಕಂಡಕ್ಟರ್ ಹಿಂದೆ ನನ್ನನ್ನೂ ನಿಲ್ಲಿಸಿದೆ. ಬರೆಯುತ್ತಾ ಹೋದಂತೆ ಅವಳ ದನಿ ತಾನಾಗಿ ಬಂತು, ಸ್ವಲ್ಪ ಒಡಕು, ಕೊನೆಯ ಮಾತಿಗೆ ಏರುವಂಥದು.

ಮೂರೇ ಪುಟವಾಯಿತು. ಸಂಜೆ ಓದಲು ಹಿಡಿಯುವಷ್ಟರಲ್ಲಿ, ಪಕ್ಕದ ಮನೆಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಹೆಂಗಸು ಬೀಜ ತೆಗೆಯಲು ನೆರವಾಗಲೆಂದು ಬಂದು ಕೂತಳು. ನನ್ನ ಹೆಂಡತಿಯನ್ನು ಅವಳು ಕಂಡವಳೇ ಅಲ್ಲ. ಓದಿ ಮುಗಿಸಿದೆ. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಆ ಹೆಂಗಸೇ ಮೊದಲು ಮಾತಾಡಿದಳು.

“ಜೋರಾಗವ್ಳೆ ಕಣಕ್ಕ ಈಯಮ್ಮ! ಯಾವೂರೋಳು?”

“ಈ ಮನೆಯೋಳೇ ಕಣಮ್ಮ,” ಎಂದರು ಅಕ್ಕ. “ಕೂತ್ಕೋ, ಇನ್ನೊಂದ್ಸಲ ಓದ್ತಾನೆ.”