ಬರೆಯದೆ ಬಿಟ್ಟ ಮೂರು ತಿಂಗಳು

ಮಂಡಿ ಮೊಹಲ್ಲಾದ ನಮ್ಮ ಮನೆಯ ತಾರಸಿಯಲ್ಲಿ ಅಣ್ಣ ಪ್ರತಿ ಬೆಳಿಗ್ಗೆ ಬಸ್ಕಿ ಹೊಡೆಯುತ್ತಿದ್ದ. ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತು ಎಣಿಸುವ ಕೆಲಸ ನನ್ನದು. ನನ್ನ ಪುಸ್ತಕದಲ್ಲಿ ಐದಕ್ಕೊಂದು ಅಡ್ಡಗೀಟು, ಪಕ್ಕದಲ್ಲಿ ತಾರೀಖು. ಕೆಳಗಿನ ಬೀದಿಯಲ್ಲಿ ಸಗಟು ಅಂಗಡಿಗಳ ಶಟರ್ ಏಳುವಷ್ಟರಲ್ಲಿ ಮುನ್ನೂರು ಮುಗಿದಿರುತ್ತಿತ್ತು. "ಇನ್ನೂ ಎರಡು ಕಮ್ಮಿ ಕಣೋ" ಎಂದು ನಾನು ಸುಳ್ಳು ಹೇಳಿದರೆ, "ಕಳ್ಳಿ, ನಿನ್ ಲೆಕ್ಕಕ್ಕಷ್ಟು ಬೆಂಕಿ ಹಾಕ" ಎಂದು ಬೈಯುತ್ತಲೇ ಇನ್ನೆರಡು ಹೊಡೆಯುತ್ತಿದ್ದ. ಆ ಪುಟಗಳನ್ನು ತೆರೆದರೆ ಈಗಲೂ ಅವನ ಏದುಸಿರು ಕೇಳಿದಂತಾಗುತ್ತದೆ.

ಅವನ ಡಿಗ್ರಿಯ ಕೊನೆಯ ವರ್ಷ ಗೀಟುಗಳು ಇಳಿದವು. ಇನ್ನೂರು, ನೂರಿಪ್ಪತ್ತು, ಎಂಬತ್ತು. ಏರಿದ್ದು ದೋಸೆಯ ಲೆಕ್ಕ, ಅದನ್ನೂ ಬರೆದಿಡುತ್ತಿದ್ದೆ. ಸಂಜೆ ಗೆಳೆಯರ ಜೊತೆ ಹೋಗಿ ಬಂದವನು ನಾಲ್ಕರ ಬದಲು ಒಂಬತ್ತು ತಿನ್ನುತ್ತಿದ್ದ. ಅಂಗಿಯಲ್ಲಿ ಹಸಿ ಸೊಪ್ಪು ಸುಟ್ಟಂಥ ವಾಸನೆ. ಸಿಗರೇಟಿರಬೇಕು ಎಂದುಕೊಂಡೆ. ಅಮ್ಮನಿಗಂತೂ ಮಗ ಹೊಟ್ಟೆ ತುಂಬ ತಿನ್ನುತ್ತಿದ್ದಾನೆಂಬ ಹಿಗ್ಗು.

ಒಂದು ದಿನ ಎರಡೂ ಲೆಕ್ಕವನ್ನು ಅಮ್ಮನಿಗೆ ಓದಿ ಹೇಳಿದೆ. ಸೌಟು ಹಿಡಿದೇ ತಿರುಗಿದಳು.

"ಉಣ್ಣೋರ ತುತ್ತು ಯಾರಾದ್ರೂ ಎಣಿಸ್ತಾರೇನೇ? ನಿನ್ ಕಣ್ಣೇ ತಾಗಿರೋದು ಅವನಿಗೆ. ನೋಡು, ಕಣ್ಣು ಎಂಗೆ ಕೆಂಪಾಗವೆ."

ಆ ಶುಕ್ರವಾರ ಉಪ್ಪು, ಒಣಮೆಣಸಿನಕಾಯಿ ನೀವಳಿಸಿ ಕೆಂಡಕ್ಕೆ ಹಾಕಿದಳು. ಘಾಟು ಬರಲಿಲ್ಲ. "ಅಷ್ಟು ದೃಷ್ಟಿ ಆಗ್ಬುಟ್ಟಿದೆ" ಎಂದಳು. ಅಣ್ಣ ಸುಮ್ಮನೆ ನಗುತ್ತ ನಿಂತಿದ್ದ. ನನಗೆ ಅಳು ಬಂತು. ಎಣಿಸುವುದನ್ನು ಅವತ್ತೇ ನಿಲ್ಲಿಸಿದೆ.

ಮುಂದಿನ ಮೂರು ತಿಂಗಳಲ್ಲಿ ಅವನು ಕಾಲೇಜು ಬಿಟ್ಟ, ಬೀದಿ ಕಡೆಯ ಕಿಟಕಿ ಮುಚ್ಚಿದ. ಎದುರಿನ ಅಂಗಡಿಯವರು ತನ್ನನ್ನೇ ಗಮನಿಸುತ್ತಾರೆ ಎಂದ. ಒಂದು ಮಧ್ಯಾಹ್ನ ನನ್ನ ಮುಂದೆ ಬಂದು ನಿಂತು, "ನನ್ ವಿಷ್ಯ ಯಾರಿಗೆ ಬರ್ದು ಕೊಡ್ತಿದೀಯ?" ಎಂದು ಕೇಳಿದ. ಮುಖದಲ್ಲಿ ತಮಾಷೆ ಇರಲಿಲ್ಲ. ಮಾರನೆಯ ದಿನ ಅವನನ್ನು ಮನೋವೈದ್ಯರ ಬಳಿ ಕರೆದುಕೊಂಡು ಹೋದೆವು.

ಮಾತ್ರೆ ಶುರುವಾಗಿ, ಅವನಿಗೆ ನಿದ್ದೆ ಹತ್ತಿದ ಮೇಲೆ, ಎರಡನೆಯ ಸಲ ಹೋದಾಗ ಡಾಕ್ಟರು ಕೇಳಿದರು: "ಇದು ಯಾವಾಗ ಜಾಸ್ತಿಯಾಯ್ತು?" ನಾನು ಪುಸ್ತಕ ತೆರೆದೆ. ಬೇಕಾದ ಕಡೆಯೇ ಪುಟಗಳು ಖಾಲಿ.

ಅಣ್ಣ ಆ ಖಾಲಿ ಪುಟವನ್ನೇ ನೋಡುತ್ತಿದ್ದ. "ಇವಳು ಬರೀದೇ ಇರೋ ಮೂರು ತಿಂಗಳೇ ಸರ್" ಎಂದ. "ಮೊದಲು ವಾರಕ್ಕೊಂದು ಸಲ. ಆಮೇಲೆ ದಿನಾ ಗಾಂಜಾ ಸೇದ್ತಿದ್ದೆ."

ಡಾಕ್ಟರು ಬೈಯಲಿಲ್ಲ. ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಚಿಕ್ಕ ವಯಸ್ಸಿನಲ್ಲಿ ದಿನವೂ ಸೇದಿದರೆ ಕೆಲವರ ಮನಸ್ಸು ಹೀಗೆ ಹಳಿ ತಪ್ಪುತ್ತದೆ, ಪೂರ್ತಿ ಬಿಟ್ಟರೆ ಸುಧಾರಿಸುವ ಭರವಸೆಯಿದೆ, ಮತ್ತೆ ಹಿಡಿದರೆ ಮತ್ತೆ ಬರಬಹುದು ಎಂದರು. ಹಸಿವು, ಕೆಂಪು ಕಣ್ಣು ಎರಡೂ ಅದರದ್ದೇ ಎಂದರು.

ಹೊರಗಿನ ಬೆಂಚಿನ ಮೇಲೆ ಅಮ್ಮ ಅಣ್ಣನ ಪಕ್ಕ ಕೂತಳು. ಮೆಲ್ಲಗೆ ಕೇಳಿದಳು, "ನಂಗ್ಯಾಕೋ ಹೇಳ್ಲಿಲ್ಲ?"

"ನಾನು ತಿಂತಿದೀನಿ ಅಂತ ನೀನು ಅಷ್ಟು ಖುಷಿಯಾಗಿದ್ದೆ ಕಣಮ್ಮ" ಎಂದ ಅಣ್ಣ.